ಕೆರೆಗೋಡು ಕಟ್ಟಿದ ಹಿತ್ತಲು

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ದಿಣ್ಣೆಗಳಲ್ಲಿ ಗುಂಡಿ ತೋಡಿದರೆ ಬಹಳ ಕಡೆ ಒಂದೆರಡು ಅಡಿಯೊಳಗೇ ಗುದ್ದಲಿ ಗರಸಿಗೆ ತಾಗುತ್ತದೆ. ಮೇಲಿರುವುದು ಹಳೆಯ ಬಂಡೆಗಳು ಸವೆದು ಆದ ಕೆಂಪು ಮರಳುಮಣ್ಣು. ಸುರಿದ ನೀರು ಅದರಲ್ಲಿ ನಿಲ್ಲುವುದಿಲ್ಲ. ಸಾರಜನಕ ಕಡಿಮೆ, ಕೊಳೆತು ಮಣ್ಣಾಗುವ ಎಲೆ-ಕಡ್ಡಿಯ ಅಂಶ ಇನ್ನೂ ಕಡಿಮೆ. ವರ್ಷದ ಮಳೆ 700 ಮಿಲಿಮೀಟರಿನ ಆಸುಪಾಸು, ಅದೂ ಹೇಳಿದ ಹೊತ್ತಿಗೆ ಬರುವ ಭರವಸೆಯಿಲ್ಲ. ರಾಗಿ, ಹುರುಳಿ, ಅವರೆಗೆ ಈ ನೆಲ ಸಾಕು. ಅರಿಶಿನ, ಶುಂಠಿ, ಪುದೀನ, ಎಲೆಬಳ್ಳಿಗೆ ಖಂಡಿತ ಸಾಲದು.

ಆದರೂ ಈ ಸೀಮೆಯ ಹಳೆಯ ಮನೆಗಳ ಹಿಂದೆ ಇವೆಲ್ಲ ಬೆಳೆದವು. ಬಸ್ಸಾರಿನ ಖಾರಕ್ಕೆ ಬೇಕಾದ ಕರಿಬೇವು, ಕೊತ್ತಂಬರಿ, ಮಗುವಿನ ಕೆಮ್ಮಿಗೆ ದೊಡ್ಡಪತ್ರೆ, ಊಟದ ಮೇಲಿನ ತಾಂಬೂಲಕ್ಕೆ ಎಲೆ ಎಲ್ಲಕ್ಕೂ ಹಿತ್ತಲ ಬಾಗಿಲು ದಾಟಿದರೆ ಸಾಕಾಗಿತ್ತು. ಅದು ನೆಲದ ಹುಟ್ಟುಗುಣದಿಂದ ಬಂದ ಭಾಗ್ಯವಲ್ಲ. ಈ ಹಿತ್ತಲುಗಳ ಮಣ್ಣು ಜನ ಹೊತ್ತು ತಂದು, ಹದ ಮಾಡಿ, ತಲೆಮಾರುಗಳ ಕಾಲ ಕಟ್ಟಿದ್ದು. ಹಾಗೆ ಮಣ್ಣು ಕಟ್ಟಿದ ಕೆಲಸಕ್ಕೆ ಒಂದು ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆ ಹಿತ್ತಲಿನಲ್ಲಿ ಶುರುವಾಗುವುದಿಲ್ಲ, ಕೆರೆಯಲ್ಲಿ ಶುರುವಾಗುತ್ತದೆ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಗುಬ್ಬಿ ಸೀಮೆಯಲ್ಲಿ ಕಡಬದ ಕೆರೆಯನ್ನು ತುಂಬಿ ಕುಣಿಗಲ್ ಕಡೆ ಇಳಿಯುತ್ತದೆ. ಇಳಿಜಾರು ಸಿಕ್ಕಲ್ಲೆಲ್ಲ ಏರಿ ಹಾಕಿ ನೀರು ನಿಲ್ಲಿಸುವ ಕೆಲಸ ಗಂಗರ ಕಾಲದಿಂದ ವಿಜಯನಗರದ ಕಾಲದವರೆಗೆ, ಅದರಾಚೆ ಪಾಳೆಯಗಾರರ ಕಾಲದಲ್ಲೂ ನಡೆಯಿತು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಅದು ಅಚ್ಚಾದದ್ದು 1904ರಲ್ಲಿ. ಕನ್ನಡ ನಾಡಿನ ದಾನಶಾಸನಗಳು ಭೂಮಿಯನ್ನು ಎಣಿಸುವಾಗ ಗದ್ದೆ, ಬೆದ್ದಲು, ತೋಟ, ತುಡಿಕೆ ಎಂದು ಬೇರೆಬೇರೆಯಾಗಿಯೇ ಹೇಳುತ್ತವೆ. ತೋಟಕ್ಕೆ ಪ್ರತ್ಯೇಕ ಲೆಕ್ಕ, ಪ್ರತ್ಯೇಕ ತೆರಿಗೆ. ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಕೊಡಗೆ ಭೂಮಿ ಸಿಗುತ್ತಿತ್ತು. ಕೆರೆಯ ಹೂಳು ಹೊರಲು ಬಂಡಿ, ಕೋಣಗಳನ್ನು ಇಡುವುದಕ್ಕೆಂದೇ ಬಿಟ್ಟ ದತ್ತಿಗಳೂ ಶಾಸನಗಳಲ್ಲಿ ಕಾಣಸಿಗುತ್ತವೆ.

ಮಣ್ಣು ಮತ್ತು ಗಿಡದ ವಿದ್ಯೆ ಆಗಲೇ ಕನ್ನಡದಲ್ಲಿ ಬರಹಕ್ಕೂ ಇಳಿದಿತ್ತು. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಅಡುಗೆ, ಔಷಧ ಎಲ್ಲವೂ ಒಂದೇ ಗ್ರಂಥದ ಭಾಗಗಳು. ನೀರು, ಗಿಡ, ಒಲೆ, ಮದ್ದು ಇವನ್ನು ಒಂದೇ ಸಂಸಾರದ ವಿಷಯವೆಂದು ಕಂಡ ಮನಸ್ಸು ಅದು. ಹಿತ್ತಲು ಕಟ್ಟಿದ ಮನಸ್ಸೂ ಅದೇ.

ಕುಣಿಗಲ್ ಸೀಮೆಯ ತೋಟಗಳಿಗೆ ಬೇರೆ ಬಗೆಯ ಸಾಕ್ಷಿಯೂ ಉಂಟು. ಎಡೆಯೂರಿನಲ್ಲಿ ಗದ್ದುಗೆಯಿರುವ ಸಿದ್ಧಲಿಂಗೇಶ್ವರರು ನಾಗಿನಿ ನದಿಯ ಬದಿಯ ಕಗ್ಗೆರೆಯ ತೋಟವೊಂದರಲ್ಲಿ ಬಹುಕಾಲ ತಪಸ್ಸಿಗೆ ಕೂತರೆಂದು ಭಕ್ತರ ನಂಬಿಕೆ. ಜನ ಅವರನ್ನು ಇಂದಿಗೂ ತೋಂಟದ ಸಿದ್ಧಲಿಂಗರೆಂದೇ ನೆನೆಯುತ್ತಾರೆ. ಹೊಳೆದಂಡೆಯಲ್ಲಿ ಕಾಯಂ ನೀರಿನ ತೋಟ ಮಾಡುವುದು ಐದು ಶತಮಾನಗಳ ಹಿಂದೆಯೇ ಇಲ್ಲಿ ನೆಲೆನಿಂತ ಕಸುಬಾಗಿತ್ತು ಎಂಬುದನ್ನು ಈ ಹೆಸರು ಹೇಳುತ್ತದೆ.

ಕೆರೆಗೂ ಹಿತ್ತಲಿಗೂ ನಡುವಿನ ಸೇತುವೆ ಗೋಡು, ಅಂದರೆ ಕೆರೆಯ ಹೂಳುಮಣ್ಣು. ಮಳೆಗಾಲದಲ್ಲಿ ದಿಣ್ಣೆಯ ಹೊಲಗಳಿಂದ ಕೊಚ್ಚಿಬರುವ ನೀರಿನಲ್ಲಿ ಮರಳು ಭಾರ. ಅದು ಹಳ್ಳದ ಬಾಯಲ್ಲೇ ಕೂರುತ್ತದೆ. ನುಣುಪಾದ ಜೇಡಿ, ದನದ ಗಂಜಲ-ಸಗಣಿ, ಕೊಳೆತ ಎಲೆ ಹಗುರ. ಅವು ತೇಲಿಬಂದು ಕೆರೆಯಂಗಳದ ಆಳದಲ್ಲಿ ತಂಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕಪ್ಪು ಮಣ್ಣು ಬಿರುಕುಬಿಟ್ಟು ಹೆಂಟೆಯಾಗುತ್ತದೆ. ಸುಗ್ಗಿ ಮುಗಿದ ಮೇಲೆ, ಮೊದಲ ಮಳೆಗೆ ಮುಂಚೆ, ಎತ್ತಿನ ಗಾಡಿ ಕಟ್ಟಿಕೊಂಡು ಗೋಡು ಹೊಡೆಯುವುದು ಹಳೇ ಮೈಸೂರಿನ ಉದ್ದಕ್ಕೂ ರೂಢಿಯಲ್ಲಿದ್ದ ಕೆಲಸ. ಬಹುಪಾಲು ಹೊಲಕ್ಕೆ, ತೋಟಕ್ಕೆ ಹೋಗುತ್ತಿತ್ತು. ಒಂದೆರಡು ಗಾಡಿ ಮನೆಯ ಹಿಂದಕ್ಕೂ ಬಂದು ಬೀಳುತ್ತಿತ್ತು.

ಇದರಲ್ಲಿ ಹಗೇವು ತುಂಬಿಸುವಷ್ಟೇ ಲೆಕ್ಕಾಚಾರವಿತ್ತು. ಕೆಂಪು ಮರಳುಮಣ್ಣಿಗೆ ಇಲ್ಲದ್ದು ಜೇಡಿ, ಕೆರೆಗೋಡಿನಲ್ಲಿ ತುಂಬಿರುವುದೂ ಜೇಡಿ. ಎರಡು ಬೆರೆತಾಗ ನೀರು ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ, ಗೊಬ್ಬರದ ಸತ್ವ ಇಳಿದುಹೋಗದೆ ಬೇರಿನ ಮಟ್ಟದಲ್ಲೇ ಉಳಿಯುತ್ತದೆ. ಹಾಗೆಂದು ಬರೀ ಗೋಡು ಸುರಿದರೆ ಅದು ಒಣಗಿದಾಗ ಇಟ್ಟಿಗೆಯಂತೆ ಗಟ್ಟಿ. ಶುಂಠಿ, ಅರಿಶಿನದ ಗೆಡ್ಡೆ ಅದರೊಳಗೆ ಕವಲೊಡೆಯಲಾರದು. ಅದಕ್ಕೇ ತಂದ ಗೋಡನ್ನು ರಾಶಿ ಹಾಕಿ ಬಿಸಿಲಿಗೆ ಬಿಟ್ಟು, ಒಂದು ಮಳೆ ಹೊಡೆದು ಹೆಂಟೆ ತಾನಾಗಿ ಪುಡಿಯಾದ ಮೇಲೆ ತಿಪ್ಪೆಗೊಬ್ಬರದ ಜೊತೆ ಬೆರೆಸುತ್ತಿದ್ದರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ತುಮಕೂರು, ಗುಬ್ಬಿ, ಸಿರಾ, ಮಧುಗಿರಿಗಳ ಮೇಲೆ ಹಾದುಹೋದ ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಸಸ್ಯಶಾಸ್ತ್ರ ಬಲ್ಲವನಾದ್ದರಿಂದ ಮಣ್ಣು, ಬೆಳೆ, ನೀರೆತ್ತುವ ಬಗೆಗಳ ಮೇಲೆ ಅವನ ಕಣ್ಣು. ಈ ನಾಡಿನ ತೋಟಗಳನ್ನು ಅವನು ರೈತರ ಮಾತನ್ನೇ ಹಿಡಿದು ನಾಲ್ಕಾಗಿ ವಿಂಗಡಿಸಿದ: ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ತರಕಾರಿ ತೋಟದ ಕಸುಬಿನಲ್ಲಿ ತಿಗಳರ ಕೈ ಮೇಲೆಂದೂ ಅವನು ಗಮನಿಸಿದ್ದಾನೆ. ತುಮಕೂರು ಸೀಮೆಯಲ್ಲಿ ತಿಗಳರು ಇಂದಿಗೂ ದೊಡ್ಡ ಸಮುದಾಯ. ಸೊಪ್ಪು, ಹೂವು, ಕಾಯಿಪಲ್ಯ ಬೆಳೆಯುವುದರಲ್ಲಿ ಅವರ ಹೆಸರು ಉಳಿದುಕೊಂಡು ಬಂದಿದೆ. ಸಣ್ಣ ಸಣ್ಣ ಪಾತಿ ಮಾಡಿ, ಪಾತಿಗೊಂದು ಕಾಲುವೆ ಬಿಟ್ಟು, ಕೊತ್ತಂಬರಿಯನ್ನು ಒಂದೇ ಸಲ ಬಿತ್ತದೆ ವಾರಕ್ಕೊಂದು ಪಾತಿಯಂತೆ ಬಿತ್ತುವ ಜಾಣತನ ಇಂಥ ತೋಟಗಳಿಂದ ಮನೆ ಹಿತ್ತಲುಗಳಿಗೆ ಹರಿದುಬಂತು. ಸೊಪ್ಪಿಗಾಗಿ ಬಿತ್ತಿದ ಕೊತ್ತಂಬರಿ 40 ದಿನಗಳ ಆಸುಪಾಸಿನಲ್ಲಿ ಕೀಳಲು ಬರುತ್ತದೆ. ಬಿಸಿಲು ಏರಿದರೆ ಬೇಗ ಹೂಬಿಟ್ಟು ಕೈಕೊಡುತ್ತದೆ.

ನಾಟಕ ಕಂಪನಿಯಿಂದ ಹೆಸರಾಗುವ ಎಷ್ಟೋ ಮೊದಲೇ ಗುಬ್ಬಿ ಸಂತೆಯಿಂದ ಹೆಸರಾಗಿತ್ತು. ಮಲೆನಾಡಿಗೂ ಮೂಡಣ ಬಯಲಿಗೂ ನಡುವಿನ ದಾರಿಯಲ್ಲಿದ್ದ ಈ ಊರನ್ನು ಬುಕಾನನ್ ವ್ಯಾಪಾರದ ಪೇಟೆಯಾಗಿ ಕಂಡ. 1870ರ ದಶಕದ ಮೈಸೂರು ಗೆಜೆಟಿಯರಿನಲ್ಲೂ ಗುಬ್ಬಿಗೆ ಅಡಕೆ-ಕೊಬ್ಬರಿ ವಹಿವಾಟಿನ ಊರೆಂಬ ಕೀರ್ತಿ. ಈ ಪೇಟೆ ಹಿತ್ತಲಿನ ಎಲ್ಲೆಯನ್ನೂ ಗೊತ್ತುಮಾಡಿತು. ಒಣಗಿಸಿ ವರ್ಷವಿಡೀ ಇಡಬಹುದಾದ ಮೆಣಸು, ಏಲಕ್ಕಿ, ಲವಂಗವನ್ನು ಜನ ಸಂತೆಯಲ್ಲಿ ಕೊಂಡರು. ಕಿತ್ತ ದಿನವೇ ಬಾಡುವ ಕರಿಬೇವು, ಪುದೀನ, ಕೊತ್ತಂಬರಿ, ದೊಡ್ಡಪತ್ರೆ, ಒಂದೆಲಗಗಳಿಗೆ ಹಿತ್ತಲಿನ ಮಣ್ಣನ್ನು ಮೀಸಲಿಟ್ಟರು. ಪೋರ್ಚುಗೀಸರ ಹಡಗುಗಳ ಜೊತೆ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಮೆಣಸಿನಕಾಯಿ ಈ ಲೆಕ್ಕವನ್ನು ಬದಲಿಸಿತು. ಕಾಳುಮೆಣಸಿಗೆ ಬೇಕಾದ 2000 ಮಿಲಿಮೀಟರ್ ಮಳೆ ಈ ಬಯಲಿನಲ್ಲಿ ಬೀಳುವುದಿಲ್ಲ. ಮೆಣಸಿನಕಾಯಿಗೋ ಕೆಂಪುಮಣ್ಣು, ಬಿಸಿಲು, ಒಂದಿಷ್ಟು ಗೊಬ್ಬರವಿದ್ದರೆ ತೃಪ್ತಿ. ಬಯಲುಸೀಮೆಯ ಬಡವನಿಗೂ ಮನೆಯಲ್ಲೇ ಬೆಳೆದ ಖಾರ ಸಿಕ್ಕಿತು. ಮುದ್ದೆಯ ಜೊತೆಗಿನ ಉಪ್ಸಾರಿನ ಖಾರಕ್ಕೆ ಇಂದಿನ ರುಚಿ ಬಂದದ್ದು ಆಮೇಲೆ.

ಹಿತ್ತಲಿನ ಒಳಗೂ ಒಂದು ಭೂಗೋಳವಿತ್ತು. ಯಾವ ಗಿಡ ಎಲ್ಲಿ ಎಂಬುದನ್ನು ತೀರ್ಮಾನಿಸುತ್ತಿದ್ದುದು ನೀರು ಮತ್ತು ಬೂದಿ.

ಬಚ್ಚಲ ಮೋರಿ ಬೀಳುವ ಜಾಗ ಸದಾ ತೇವ. ಅಲ್ಲಿ ಬಾಳೆ, ಕೆಸು, ಒಂದೆಲಗ, ಬಜೆ. ಅದರಿಂದ ಒಂದು ಮಾರು ದೂರದಲ್ಲಿ, ನೀರು ಮುಟ್ಟಿಯೂ ನಿಲ್ಲದ ಕಡೆ, ಅರಿಶಿನ ಮತ್ತು ಶುಂಠಿ. ಈ ಒಂದು ಮಾರಿನ ಅಂತರ ಅನುಭವದಿಂದ ಬಂದದ್ದು. ನೀರು ನಿಂತ ಮಣ್ಣಿನಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಹೆಚ್ಚಿ ಶುಂಠಿಯ ಗೆಡ್ಡೆ ಕೊಳೆಯುತ್ತದೆ. ಅದರ ಹೆಸರು ತಿಳಿಯದಿದ್ದರೂ ಜನ ಶುಂಠಿಯನ್ನು ಏರುಮಡಿಯ ಮೇಲೆ ಊರಿದರು. ಭರಣಿ ಮಳೆಯಿಂದ ರೋಹಿಣಿಯ ಒಳಗೆ ಊರಿದ ಅರಿಶಿನ ಎಂಟೊಂಬತ್ತು ತಿಂಗಳ ಬೆಳೆ. ಸಂಕ್ರಾಂತಿಯ ಹೊತ್ತಿಗೆ ಎಲೆ ಒಣಗಿ ಕೀಳಲು ಬರುತ್ತದೆ. ಅಷ್ಟು ದಿನವೂ ಹೊಂಗೆಸೊಪ್ಪು, ತೆಂಗಿನಗರಿಯ ಹೊದಿಕೆ. ಅದು ಬಿಸಿಲು ತಡೆಯಿತು, ಕೊಳೆತು ಗೊಬ್ಬರವೂ ಆಯಿತು.

ಕರಿಬೇವಿಗೆ ಎತ್ತರದ, ನೀರು ಬಸಿದುಹೋಗುವ ಮೂಲೆ. ಕೆಂಪುಮಣ್ಣು ಅದಕ್ಕೆ ಒಗ್ಗಿದ್ದೇ. ಎಲೆ ಹಳದಿಗೆ ತಿರುಗಿದರೆ ಬುಡಕ್ಕೆ ಹುಳಿಮಜ್ಜಿಗೆ ಹೊಯ್ಯುವ ರೂಢಿ ಈ ಸೀಮೆಯ ಹೆಂಗಸರಿಗೆಲ್ಲ ಗೊತ್ತು. ಮಣ್ಣು ಕ್ಷಾರವಾದಾಗ ಅದರೊಳಗಿನ ಕಬ್ಬಿಣದ ಅಂಶ ಬೇರಿಗೆ ಸಿಗದೆ ಹೋಗುತ್ತದೆ. ಹುಳಿ ಬಿದ್ದ ಕಡೆ ಒಂದಿಷ್ಟು ಮತ್ತೆ ಕರಗಿ ಬೇರಿಗೆ ಒದಗುತ್ತದೆ. ಅದಕ್ಕೇ ಒಲೆಯ ಬೂದಿಯನ್ನು ಕರಿಬೇವಿನ ಬುಡಕ್ಕಿಂತ ಹೆಚ್ಚಾಗಿ ತಿಪ್ಪೆಗೆ, ಗೆಡ್ಡೆಗಳ ಮಡಿಗೆ ಹಾಕುವುದು ಲೇಸಾಗಿತ್ತು. ಬೂದಿಯಲ್ಲಿ ಪೊಟ್ಯಾಶ್ ಉಂಟು, ಸುಣ್ಣದ ಗುಣವೂ ಉಂಟು. ಗೆಡ್ಡೆ ದಪ್ಪವಾಗಲು ಪೊಟ್ಯಾಶ್ ಬೇಕು.

ತುಳಸಿ, ಕಾಮಕಸ್ತೂರಿ, ಮರುಗ ಬಿಸಿಲಿನ ಗಿಡಗಳು. ದೊಡ್ಡಪತ್ರೆಗೆ ಅರೆನೆರಳು, ಕಲ್ಲುಸಂದಿಯಾದರೂ ಸರಿ. ಬಾವಿಕಟ್ಟೆಯ ಪಕ್ಕ ಪುದೀನ. ಬೇಲಿಗೆ ಆಡುಸೋಗೆ, ಏಕೆಂದರೆ ಅದನ್ನು ಆಡು ಮುಟ್ಟುವುದಿಲ್ಲ. ಬೇಲಿಯ ಮೇಲೆ ಅಮೃತಬಳ್ಳಿ. ಹೀಗೆ ಅಡುಗೆಯ ಗಿಡ, ಮದ್ದಿನ ಗಿಡ, ಪೂಜೆಯ ಗಿಡ ಒಟ್ಟೊಟ್ಟಿಗೆ ಬೆಳೆದವು. ಅವುಗಳ ನಡುವೆ ಗೆರೆ ಎಳೆಯುವ ಅಗತ್ಯ ಆ ಮನೆಗಳಿಗೆ ಬರಲಿಲ್ಲ.

ನೀರಾವರಿ ಇದ್ದವರ ಅಡಕೆ ತೋಟವಂತೂ ದೊಡ್ಡ ಹಿತ್ತಲೇ. ಕಪಿಲೆ ಬಾವಿಯಿಂದಲೋ ಕೆರೆಯ ತೂಬಿನಿಂದಲೋ ನೀರುಂಡ ತೋಟದಲ್ಲಿ ತೆಂಗು ಮೇಲಿನ ಅಂತಸ್ತು, ಅಡಕೆ ನಡುವಿನದು, ಬಾಳೆ ಅದರ ಕೆಳಗೆ. ಎಲೆಬಳ್ಳಿಯನ್ನು ಅಡಕೆ ಮರಕ್ಕೋ ಹಾಲುವಾಣ, ನುಗ್ಗೆ, ಅಗಸೆಯ ಗಿಡಕ್ಕೋ ಹಬ್ಬಿಸುತ್ತಿದ್ದರು. ಬೇಸಾಯದಲ್ಲಿ ಎಲೆಬಳ್ಳಿಯಷ್ಟು ನಾಜೂಕಿನ ಬೆಳೆ ಕಡಿಮೆ. ಬಳ್ಳಿ ಉದ್ದವಾದಂತೆ ಇಳಿಸಿ ಮಣ್ಣಲ್ಲಿ ಹೂಳಬೇಕು, ಹೊಸ ಗೋಡು ಕೊಡಬೇಕು, ನೆರಳು ಸವರಿ ಸರಿಮಾಡಬೇಕು. ತೋಟದ ಸಾಲುಗಳ ನಡುವೆ ಆಳದ ಬಸಿಗಾಲುವೆ ತೆಗೆಯುವುದು ಕಡ್ಡಾಯ. ನೀರು ನಿಂತ ತೋಟದಲ್ಲಿ ಮೊದಲು ಸಾಯುವುದು ಬಳ್ಳಿ, ಆಮೇಲೆ ಅಡಕೆ. ಮಳೆಯ ಲೆಕ್ಕದಲ್ಲಿ ಬೆಳೆಯಬಾರದ ಕಾಳುಮೆಣಸು ಈಗ ಗುಬ್ಬಿ, ಕುಣಿಗಲ್ ಸುತ್ತಲಿನ ಅಡಕೆ ಮರಗಳ ಮೇಲೆ ಹಬ್ಬುತ್ತಿರುವುದೂ ಈ ನೆರಳು, ಈ ನೀರು, ಈ ಬಸಿಗಾಲುವೆಯ ಬಲದಿಂದಲೇ.

ಜನ ಕೈಯಿಂದ ಮುಟ್ಟಿ ತಿಳಿದಿದ್ದ ಮಣ್ಣನ್ನು ಪ್ರಯೋಗಶಾಲೆಯ ಗಾಜಿನ ಕೊಳವೆಗೆ ಹಾಕುವ ಕೆಲಸ ಮೈಸೂರಿನಲ್ಲಿ 1899ರಲ್ಲಿ ಶುರುವಾಯಿತು. ಆ ವರ್ಷ ಸಂಸ್ಥಾನ ಡಾ. ಅಡಾಲ್ಫ್ ಲೇಮನ್ ಅವರನ್ನು ಕೃಷಿ ರಸಾಯನಶಾಸ್ತ್ರಜ್ಞರಾಗಿ ನೇಮಿಸಿತು. 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದರು. 1963ರಲ್ಲಿ ರಾಜ್ಯದ ತೋಟಗಾರಿಕೆ ಇಲಾಖೆ ಕೃಷಿ ಇಲಾಖೆಯಿಂದ ಬೇರೆಯಾಗಿ ಡಾ. ಎಂ.ಎಚ್. ಮರಿಗೌಡರ ಕೈಗೆ ಬಂದ ಮೇಲೆ ಜಿಲ್ಲೆಗಳಲ್ಲಿ ಸಸಿತೋಟಗಳು ಎದ್ದವು. ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಅದೇ ಸಂಸ್ಥೆ ಹೆಸರಘಟ್ಟದಿಂದ ಹೊರತಂದ 'ಅರ್ಕಾ ಇಶಾ' ಕೊತ್ತಂಬರಿಯನ್ನು ಬುಡಸಮೇತ ಕೀಳದೆ ಹಲವು ಸಲ ಕೊಯ್ಯಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ 'ಸುವಾಸಿನಿ' ಕರಿಬೇವಿಗೆ ಹೆಸರಿಗೆ ತಕ್ಕ ಪರಿಮಳ.

ತಳಿಗಳು ಒಳ್ಳೆಯವಾದವು. ಮಣ್ಣು ಮಾತ್ರ ಕೈಬಿಟ್ಟಿತು.

ಅದು ಒಂದೇ ದಿನ ಆದದ್ದಲ್ಲ. ಕೊಳವೆಬಾವಿಗಳು ಬಂದಂತೆ ಕೆರೆಯ ನೀರಿನ ಮೇಲಿನ ಅವಲಂಬನೆ ತಗ್ಗಿತು, ಬೇಸಿಗೆಯಲ್ಲಿ ಗೋಡು ಹೊಡೆಯುವ ಗಾಡಿಗಳು ನಿಂತವು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ತಿಪ್ಪೆ ಕರಗಿತು. ಅಡುಗೆ ಅನಿಲ ಹೆಂಗಸರ ಕಣ್ಣಿನ ಹೊಗೆಯನ್ನು ಕಳೆಯಿತು, ಅದು ದೊಡ್ಡ ಉಪಕಾರ. ಅದರ ಜೊತೆ ಬೂದಿಯೂ ಹೋಯಿತು. ಬಚ್ಚಲ ನೀರಂತೂ ಹೆಸರು ಉಳಿಸಿಕೊಂಡು ಗುಣ ಬದಲಿಸಿತು. ಸೀಗೆಪುಡಿ, ಕಡಲೆಹಿಟ್ಟು ತೊಳೆದ ನೀರನ್ನು ಮಣ್ಣು ಅರಗಿಸಿಕೊಳ್ಳುತ್ತಿತ್ತು. ಬಟ್ಟೆಯ ರಾಶಿಯನ್ನು ಅಗಸರು ಚೌಳುಮಣ್ಣು ಹಾಕಿ ಒಗೆಯುತ್ತಿದ್ದುದು ಊರಾಚೆಯ ಕೆರೆ-ಹಳ್ಳದ ಬದಿಯಲ್ಲಿ. ಡಿಟರ್ಜೆಂಟ್ ಪುಡಿ ಮನೆಮನೆಗೆ ಬಂದು ಒಗೆತ ಬಚ್ಚಲಿಗೆ ಬಂದ ಮೇಲೆ ಅದರ ಸೋಡಿಯಂ ಹಿತ್ತಲಿಗೆ ಹರಿಯತೊಡಗಿತು. ಸೋಡಿಯಂ ಸೇರಿದ ಜೇಡಿ ಕದಡಿ ಗಟ್ಟಿಯಾಗುತ್ತದೆ, ಗಾಳಿಯಾಡುವುದಿಲ್ಲ. ನೂರಾರು ವರ್ಷ ಒಂದೆಲಗ ಬೆಳೆದ ಮೋರಿಬದಿಯಲ್ಲಿ ಈಗ ಒಂದೆಲಗ ಏಳದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ತುಮಕೂರು ನಗರದಲ್ಲಿ ಬದಲಾವಣೆ ಇನ್ನೂ ತೀವ್ರ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದು, ಮುಂದೆ ನಾಲೆಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ನಗರದ ನಲ್ಲಿಗೆ ಸೇರಿತು. ನೀರಿನ ಹೊಸ ದಾರಿ ತೆರೆದ ಕಾಲದಲ್ಲೇ ಹಿತ್ತಲಿನ ಜಾಗ ಮುಚ್ಚುತ್ತಾ ಹೋಯಿತು. ಬಟವಾಡಿ, ಕ್ಯಾತ್ಸಂದ್ರದ ಕಡೆಯ ಬಡಾವಣೆಗಳಲ್ಲಿ 30-40ರ ನಿವೇಶನ, ಅಂಚಿನವರೆಗೂ ಕಟ್ಟಡ. ಉಳಿದ ಮೂರಡಿಯಲ್ಲಿ ಮೇಲೆ ಕಾಣುವ ಮಣ್ಣಿನ ಕೆಳಗೆ ಸಿಮೆಂಟ್ ಚೂರು, ಗಾರೆ, ಜಲ್ಲಿ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ, ಕೊಳವೆಬಾವಿಯ ಗಡಸುನೀರು ಅದಕ್ಕೆ ಕೈಜೋಡಿಸುತ್ತದೆ. ನಗರದ ಕರಿಬೇವಿನ ಗಿಡಗಳು ಹಳದಿಯಾಗಿ ಸೊರಗುವುದನ್ನು ಕಂಡವರು ಗೊಬ್ಬರ ಕಡಿಮೆಯಾಯಿತೆಂದು ಗೊಬ್ಬರ ಸುರಿಯುತ್ತಾರೆ. ಬೇಕಾದದ್ದು ಒಂದೂವರೆ-ಎರಡು ಅಡಿ ಅಗೆದು ಚೂರನ್ನೆಲ್ಲ ಎತ್ತಿಹಾಕಿ ಕೆಂಪುಮಣ್ಣು ತುಂಬುವುದು.

ಮಣ್ಣು ಮತ್ತೆ ಕಟ್ಟುವ ಯತ್ನಗಳೂ ಇದೇ ಕಾಲದವು. 1990ರ ದಶಕದಲ್ಲಿ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮತ್ತು ಅರಣ್ಯ ಇಲಾಖೆ ಕೂಡಿ ಕರ್ನಾಟಕದಲ್ಲಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದಾಗ ದೇವರಾಯನದುರ್ಗ ಅವುಗಳಲ್ಲೊಂದಾಯಿತು. ಹಿತ್ತಲಿನ ಎಷ್ಟೋ ಗಿಡಗಳ ಕಾಡಿನ ನೆಂಟರು ಅಲ್ಲಿ ಉಳಿದಿದ್ದಾರೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಜಲಸಂವರ್ಧನೆ ಯೋಜನೆ ತುಮಕೂರು ಜಿಲ್ಲೆಯಲ್ಲೂ ಕೆರೆಬಳಕೆದಾರರ ಸಂಘಗಳನ್ನು ಕಟ್ಟಿ ಹೂಳೆತ್ತಿಸಿತು. ಎತ್ತಿದ ಗೋಡು ಮತ್ತೆ ಹೊಲ-ತೋಟಗಳ ದಾರಿ ಹಿಡಿಯಿತು. ಹಳೆಯ ಕಾಲಕ್ಕೆ ಗೊತ್ತಿಲ್ಲದಿದ್ದ ಒಂದು ಪದಾರ್ಥವೂ ಈಗ ಹೇರಳ: ತೆಂಗಿನನಾರು ತೆಗೆದ ಮೇಲೆ ಉಳಿಯುವ ಪುಡಿ. ಗುಬ್ಬಿ, ತಿಪಟೂರು ಕಡೆಯ ನಾರಿನ ಘಟಕಗಳ ಹಿಂದೆ ಅದು ಗುಡ್ಡೆ ಬೀಳುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ಈ ಪುಡಿ ತಾರಸಿಯ ಕುಂಡಗಳಲ್ಲಿ ಗೋಡಿನ ಕೆಲಸವನ್ನು ಅರ್ಧ ಮಾಡಬಲ್ಲದು. ಆದರೆ ಹಸಿಯಾಗಿ ಹಾಕಿದರೆ ಅದರ ಉಪ್ಪು, ಒಗರು ಬೇರನ್ನು ಸುಡುತ್ತವೆ. ಎರಡು-ಮೂರು ನೀರಿನಲ್ಲಿ ತೊಳೆದೋ ಅಣಬೆಯ ಬೀಜ ಸೇರಿಸಿ ಕೊಳೆಸಿಯೋ ಬಳಸಬೇಕು. ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಕೊಳೆತ ಸಗಣಿಗೊಬ್ಬರ ಇಲ್ಲವೇ ಎರೆಗೊಬ್ಬರ, ಒಂದು ಪಾಲು ತೊಳೆದ ನಾರಿನಪುಡಿ ಕೂಡಿದರೆ ಪುದೀನ, ದೊಡ್ಡಪತ್ರೆ, ಅರಿಶಿನ ಎಲ್ಲಕ್ಕೂ ಹಿಡಿಸುವ ಹದ ಸಿಗುತ್ತದೆ.

ಇನ್ನೂ ಒಂದು ಕೆಲಸ ಆಗಬೇಕಿದೆ, ಅದು ಒಂದು ಮನೆಯವರಿಂದ ಆಗುವುದಲ್ಲ. ಪ್ರತಿ ಬೇಸಿಗೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಎಲ್ಲಾದರೊಂದು ಕೆರೆಯ ಹೂಳೆತ್ತುವ ಮಾತು ಏಳುತ್ತದೆ. ಆ ಗೋಡಿನಲ್ಲಿ ಒಂದು ಪಾಲನ್ನು ಊರಿನ ಶಾಲೆ, ಅಂಗನವಾಡಿ, ಮನೆ ಹಿತ್ತಲುಗಳಿಗೆ ಮೀಸಲಿಡುವುದು ಗ್ರಾಮ ಪಂಚಾಯಿತಿಗೆ ಕಷ್ಟದ ತೀರ್ಮಾನವಲ್ಲ. ಒಂದೇ ಎಚ್ಚರ ಬೇಕು. ಎಲ್ಲ ಕೆರೆಯ ಗೋಡೂ ಒಂದೇ ಎಂದು ಬಗೆಯಬಾರದು. ನಗರದ ಕೊಳಚೆ, ಕಾರ್ಖಾನೆಯ ನೀರು ಸೇರುವ ಕೆರೆಗಳ ತಳದಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ತಂಗಿರಬಹುದು. ಸೊಪ್ಪು ಅವನ್ನು ಹೀರಿ ತಟ್ಟೆಗೆ ತರುತ್ತದೆ. ಹಳ್ಳಿಯ ಶುದ್ಧ ಕೆರೆಯ ಗೋಡನ್ನೇ ಆರಿಸಿ, ಎತ್ತುವ ಮುನ್ನ ಒಂದು ಸೇರು ಮಾದರಿಯನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿ, ರಸಸಾರ, ಲವಣ, ಲೋಹಗಳ ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಆಮೇಲೆ ಗೋಡು ಹೊಡೆಯಲು ಮಾರ್ಚ್‌ನಿಂದ ಮೇ ನಡುವಿನವರೆಗೆ ಸಮಯವಿದೆ. ಕೃತ್ತಿಕೆ ಮಳೆಗೆ ಹೆಂಟೆ ಕರಗಿದರೆ ರೋಹಿಣಿಯೊಳಗೆ ಅರಿಶಿನ ಊರಬಹುದು.